ಹಾಲಪ್ಪನ ಒನಕೆ

ಹೊಳೆದಂಡೆಯ ಆಶ್ರಮವೊಂದರಲ್ಲಿ ಹಾಲಪ್ಪನೆಂಬ ಶಿಷ್ಯನಿದ್ದ. ಕೆಲಸಕ್ಕೆ ನಿಂತರೆ ಹಸಿವು ನೀರಡಿಕೆ ಮರೆಯುವ ಆಳು.

ಒಂದು ಬೆಳಿಗ್ಗೆ ಗುರುಗಳು ಅವನನ್ನು ಕರೆದು, "ಇವತ್ತಿನಿಂದ ನೀನು ಒನಕೆ ಮುಟ್ಟಬೇಡ" ಎಂದರು.

ಹಾಲಪ್ಪನಿಗೆ ತಲೆಬುಡ ತಿಳಿಯಲಿಲ್ಲ.

"ನಾನೇನು ತಪ್ಪು ಮಾಡಿದೆ ಗುರುಗಳೇ?"

"ನಿನ್ನ ಜೊತೆ ಅವಲಕ್ಕಿ ಕುಟ್ಟಲು ಯಾರೂ ಒಪ್ಪುತ್ತಿಲ್ಲ."

ಅಲ್ಲಿ ಅವಲಕ್ಕಿ ಕುಟ್ಟುವುದು ಮೂವರ ಕೆಲಸ. ಹುರಿದ ಬತ್ತವನ್ನು ಬಿಸಿಬಿಸಿಯಾಗಿ ಒರಳಿಗೆ ಸುರಿದು, ಇಬ್ಬರು ಎದುರುಬದುರು ನಿಂತು ಒಬ್ಬರಾದ ಮೇಲೊಬ್ಬರು ಒನಕೆ ಹಾಕಬೇಕು. ಮೂರನೆಯವನು ಪಕ್ಕದಲ್ಲಿ ಕೂತು ನಡುನಡುವೆ ಕೈಯಾಡಿಸಬೇಕು. ಇಲ್ಲದಿದ್ದರೆ ತಳದ್ದು ಹಿಟ್ಟು, ಮೇಲಿನದು ಹಾಗೇ ಬತ್ತ.

"ನನ್ನೆದುರು ನಿಂತು ಕುಟ್ಟುವ ನಂಜಯ್ಯ ಒಂದು ಏಟು ಹಾಕುವಷ್ಟರಲ್ಲಿ ನಾನು ಎರಡು ಹಾಕುತ್ತೇನೆ" ಎಂದ ಹಾಲಪ್ಪ. "ಅವನು ಒನಕೆ ಎತ್ತಿ ಹಿಡಿದು ಸುಮ್ಮನೆ ನಿಲ್ಲುತ್ತಾನೆ. ಹೊತ್ತು ಹಾಳಾಗಬಾರದೆಂದು ಅವನ ಪಾಲಿನದನ್ನೂ ನಾನೇ ಕುಟ್ಟಿದೆ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನನಗೆ ಬಾಯಿಗೂ ಕೆಸರೇ!"

ಗುರುಗಳು ನಕ್ಕರು. ಹಾಲಪ್ಪನಿಗೆ ಅಳುವೇ ಬಂತು. ಆಶ್ರಮ ಬಿಟ್ಟರೆ ಅವನಿಗೆ ಬೇರೆ ದಿಕ್ಕಿರಲಿಲ್ಲ.

"ನಾನು ಇಲ್ಲಿಂದ ಹೊರಟುಹೋಗಲೇ?"

"ಮೊದಲು ಒರಳಿನ ಹತ್ತಿರ ಬಾ."

ಕೈಯಾಡಿಸುವ ತಿಮ್ಮಣ್ಣ ಎದ್ದು ಜಾಗ ಬಿಟ್ಟ. ಅವನ ಬಲಗೈ ಬೆರಳುಗಳಿಗೆ ಬಟ್ಟೆ ಸುತ್ತಿತ್ತು.

"ಇದೇನಾಯ್ತು ತಿಮ್ಮಣ್ಣ?"

"ಏನಿಲ್ಲ ಬಿಡು."

ಹಾಲಪ್ಪ ಅವನ ಜಾಗದಲ್ಲಿ ಕೂತ. ಗುರುಗಳು ಹಾಲಪ್ಪನ ಒನಕೆ ಎತ್ತಿಕೊಂಡು, ನಂಜಯ್ಯನಿಗೆ, "ನೀನು ಎಂದಿನಂತೆ ಕುಟ್ಟು. ನಾನು ಹಾಲಪ್ಪನಂತೆ ಕುಟ್ಟುತ್ತೇನೆ" ಎಂದರು.

ಧಪ್. ಧಪ್ ಧಪ್. ಧಪ್. ಧಪ್ ಧಪ್.

ಹಾಲಪ್ಪ ಕೈ ಚಾಚಿದ, ಹಿಂದಕ್ಕೆಳೆದ. ಮತ್ತೆ ಚಾಚಿದ. ಒನಕೆ ಉಗುರಿಗೆ ತಾಗಿಕೊಂಡೇ ಇಳಿಯಿತು.

"ನಿಲ್ಲಿಸಿ ಗುರುಗಳೇ! ಕೈ ಜಜ್ಜಿಹೋಗುತ್ತದೆ. ಕೈ ಹಾಕಲು ಒಂಚೂರು ಬಿಡುವು ಬೇಡವೇ?"

ಗುರುಗಳು ನಿಲ್ಲಿಸಿದರು. ನಂಜಯ್ಯನೂ ಒನಕೆ ಎತ್ತಿ ಹಿಡಿದು ನಿಂತ. ಹಾಲಪ್ಪ ಕೆಳಗಿನಿಂದ ಅವನ ಮುಖ ನೋಡಿದ. ನಂಜಯ್ಯ ಹಾಲಪ್ಪನ ಬೆರಳುಗಳನ್ನೇ ನೋಡುತ್ತಿದ್ದ.

ಹಾಲಪ್ಪನಿಗೆ ನಾಚಿಕೆಯಾಯಿತು. ತಿಮ್ಮಣ್ಣನ ಕಡೆ ತಿರುಗಲು ಧೈರ್ಯ ಬರಲಿಲ್ಲ.

"ಗೊತ್ತಾಯಿತು ಗುರುಗಳೇ. ಇನ್ನು ಮೇಲೆ ನಿಧಾನವಾಗಿ ಕುಟ್ಟುತ್ತೇನೆ."

"ನಿಧಾನ ಮಾಡಿದರೆ ಬತ್ತ ಆರಿಹೋಗುತ್ತದೆ. ಅವಲಕ್ಕಿ ಪುಡಿಪುಡಿ."

"ಹಾಗಾದರೆ ಬೇಗ ಕುಟ್ಟಲೇ?"

"ಬೇಗ ಕುಟ್ಟಿದ್ದಕ್ಕೇ ತಾನೇ ಈಗ ಇಲ್ಲಿ ಕೂತಿರುವುದು?"

ತಿಳಿಯಿತು ಅಂದುಕೊಂಡದ್ದೂ ಕೈಜಾರಿತು. ಹಾಲಪ್ಪ ತಲೆ ಕೆರೆದುಕೊಂಡ.

"ನಿಧಾನವೂ ಬೇಡ, ಬೇಗವೂ ಬೇಡ ಅಂದರೆ ಹೇಗೆ ಗುರುಗಳೇ? ಎಷ್ಟು ಬೇಗ ಕುಟ್ಟಲಿ, ನೀವೇ ಹೇಳಿಬಿಡಿ."

ಗುರುಗಳು ಒನಕೆಯನ್ನು ಅವನ ಕೈಗಿಟ್ಟರು. ತಿಮ್ಮಣ್ಣನಿಗೆ ಕೂರುವಂತೆ ಸನ್ನೆ ಮಾಡಿದರು. ತಿಮ್ಮಣ್ಣ ಸ್ವಲ್ಪ ಹಿಂಜರಿದ. ಆಮೇಲೆ ಬಂದು ಕೂತು, ಎಡಗೈಯನ್ನು ಒರಳಿನೊಳಗೆ ಇಟ್ಟ.

"ನನ್ನನ್ನೇಕೆ ಕೇಳುತ್ತೀ?" ಎಂದರು ಗುರುಗಳು. "ಒಳಗೆ ಯಾರ ಕೈ ಇದೆಯೋ ಅವನನ್ನು ಕೇಳು."