ಗುಡಿಯ ಕವಡೆಯೂ ಕೆಳಕೇರಿಯ ಗಿರಿಯವ್ವನೂ

ಯಾವುದೋ ಕಾಲದಲ್ಲಿ, ಯಾವುದೋ ಘಟ್ಟದ ನೆತ್ತಿಯಲ್ಲಿ, ಉಪ್ಪು ಸಿಗದ ಒಂದು ಊರಿತ್ತಂತೆ. ಊರಿಗೆ ಎರಡೇ ಕೇರಿ: ಗೌಡರಿದ್ದ ಮೇಲುಕೇರಿ, ದುಡಿಯುವವರ ಕೆಳಕೇರಿ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಒಬ್ಬರು ಘಟ್ಟ ಇಳಿದು ಉಪ್ಪು ತರಬೇಕು. ದಾರಿಯಲ್ಲೊಂದು ಭೂತವಿತ್ತಂತೆ. ಇಬ್ಬರು ಕೂಡಿ ಹೋದರೆ ಅದು ಊರನ್ನೇ ನುಂಗುತ್ತದಂತೆ. ಭೂತವನ್ನು ಕಂಡವರಿರಲಿಲ್ಲ, ಹೋದವರಲ್ಲಿ ಮರಳದವರೇ ಹೆಚ್ಚು ಎಂಬುದನ್ನು ಮಾತ್ರ ಎಲ್ಲರೂ ಕಂಡಿದ್ದರು.

ಯಾವ ಕೇರಿಯವರು ಹೋಗಬೇಕೆಂದು ಗುಡಿಯ ಕವಡೆ ಹೇಳುತ್ತಿತ್ತು. ಬಾಯಿ ಮೇಲಾದರೆ ಮೇಲುಕೇರಿ, ಬೆನ್ನು ಮೇಲಾದರೆ ಕೆಳಕೇರಿ.

ಗುಡಿಯ ಕಸ ಗುಡಿಸುವ ಗಿರಿಯವ್ವ ಕೆಳಕೇರಿಯವಳು. ಈ ಸಲ ಬೆನ್ನು ಮೇಲಾದರೆ ಅವಳ ತಮ್ಮ ದುಗ್ಗಪ್ಪನ ಸರದಿ. ತಾಯಿ ಸತ್ತಾಗ ತೊಟ್ಟಿಲಲ್ಲಿದ್ದವನನ್ನು ಅವಳೇ ಸಾಕಿದ್ದಳು.

“ಗೌಡರೇ, ಹನ್ನೆರಡು ವರ್ಷದಲ್ಲಿ ನಮ್ಮವರೇ ಒಂಬತ್ತು ಸಲ ಹೋದರು,” ಎಂದಳು.

“ಕವಡೆಗೆ ಎರಡೇ ಮಗ್ಗುಲು ಕಣವ್ವಾ. ಅರ್ಧ ನಿಮಗೆ, ಅರ್ಧ ನಮಗೆ. ಹನ್ನೆರಡು ಎಸೆತ ನೋಡಿ ಕವಡೆಯನ್ನು ಬೈದರೆ ಹೇಗೆ? ನಿಮ್ಮ ಕೇರಿಯ ಹಣೆಬರಹ, ಅಷ್ಟೆ.”

ಹನ್ನೆರಡು ಕಡಿಮೆಯೇ ಎಂದು ಅವಳಿಗೂ ಅನ್ನಿಸಿತು. ಮರುದಿನ ಮಧ್ಯಾಹ್ನ ಗುಡಿಯ ಜಗಲಿಯಲ್ಲಿ ಕೂತು ಕವಡೆ ಎಸೆದಳು. ಮೊದಲ ಹತ್ತರಲ್ಲಿ ಆರು ಸಲ ಬಾಯಿ ಮೇಲಾಯಿತು. ಸುಮ್ಮನೆ ಅನುಮಾನಪಟ್ಟೆನೇ ಎಂದು ಎದ್ದಳು. ತಮ್ಮನನ್ನು ನೆನೆದು ಮತ್ತೆ ಕೂತಳು. ನೂರಕ್ಕೆ ಬೆನ್ನು ಅರವತ್ತೊಂದು. ಐನೂರಕ್ಕೆ ಮುನ್ನೂರ ಇಪ್ಪತ್ತೆಂಟು. ಸಾವಿರಕ್ಕೆ ಆರುನೂರ ಅರವತ್ತು. ಎಸೆತ ಹೆಚ್ಚಿದಂತೆ ಲೆಕ್ಕದ ತೂಗಾಟ ಕಡಿಮೆಯಾಗಿ, ಮೂರರಲ್ಲಿ ಎರಡು ಪಾಲಿನ ಹತ್ತಿರ ಬಂದು ನಿಂತಿತು.

ಊರು ಸೇರಿದಾಗ ಹೇಳಿದಳು: “ಮಗ್ಗುಲು ಎರಡಿದ್ದರೆ ಸಾಲದು ಗೌಡರೇ, ಎರಡೂ ಸಮನಾಗಿ ಬೀಳಬೇಕು. ಇದರ ಮೈ ಒಂದೇ ಕಡೆ ಉಬ್ಬಿದೆ. ನಂಬದಿದ್ದರೆ ನೀವೇ ಎಸೆಯಿರಿ.”

ಬೆಳಗಿನಿಂದ ಹೊತ್ತಿಳಿಯುವವರೆಗೆ ಗೌಡರು ಎಸೆದರಂತೆ. ಕೊನೆಗೆ ಕೈ ಒರೆಸಿಕೊಂಡು, “ಏನು ಮಾಡೋಣ, ನೀನೇ ಹೇಳು,” ಎಂದರು.

ಒಂದೇ ಗಾತ್ರದ, ಒಂದೇ ನುಣುಪಿನ ಕಲ್ಲು ಎರಡು ತಂದಳು. ಬಿಳಿಯದು ಮೇಲುಕೇರಿಗೆ, ಕರಿಯದು ಕೆಳಕೇರಿಗೆ. ಮಡಕೆಯಲ್ಲಿಟ್ಟು, ಕಣ್ಣು ಕಟ್ಟಿಕೊಂಡು, ನೂರು ಸಲ ಎತ್ತಿ ತೋರಿಸಿದಳು. ಕರಿಯದು ಐವತ್ತೆರಡು, ಬಿಳಿಯದು ನಲವತ್ತೆಂಟು. ಎರಡೂ ಕೇರಿಯವರು ಒಪ್ಪಿದರು.

ಆರಿಸುವ ದಿನ ಗೌಡರ ಸೊಸೆ ಕಣ್ಣು ಕಟ್ಟಿಕೊಂಡು ಕೈ ಹಾಕಿದಳು. ಬಂದದ್ದು ಕರಿಕಲ್ಲು.

“ಇದರಲ್ಲೂ ಮೋಸವಿದೆಯೇ, ಗಿರಿಯವ್ವ?” ಎಂದು ಗೌಡರು ಮೆಲ್ಲಗೆ ಕೇಳಿದರು.

ಇದೆ ಎನ್ನಲು ಅವಳ ಬಾಯಿ ತೆರೆಯಿತು. “ಇಲ್ಲ,” ಎಂದಳು.

“ಅಕ್ಕಾ, ಉಳಿಯುವ ಅವಕಾಶವನ್ನು ಅರ್ಧಕ್ಕಾದರೂ ಏರಿಸಿದ್ದೆಯಲ್ಲ,” ಎಂದು ದುಗ್ಗಪ್ಪ ನಕ್ಕು, ಬುತ್ತಿ ಕಟ್ಟಿಸಿಕೊಂಡು ಘಟ್ಟ ಇಳಿದ. ಮರಳಲಿಲ್ಲ.

ಮುಂದಿನ ವರ್ಷ ಬಿಳಿಕಲ್ಲು, ಅದರ ಮುಂದಿನ ವರ್ಷವೂ ಬಿಳಿಕಲ್ಲು. ಮೇಲುಕೇರಿಯ ಎರಡು ಮನೆಗಳಲ್ಲಿ ಅಳು ಕೇಳಿಸಿತು. ಮೂರನೆಯ ವರ್ಷ ಗೌಡರಿಗೆ ಕನಸು ಬಿತ್ತಂತೆ: ನಲವತ್ತು ಜನ ಕೂಡಿ ಬಂದರೆ ಅಡ್ಡಿಯಿಲ್ಲವೆಂದು ಭೂತವೇ ಹೇಳಿತಂತೆ. ನಲವತ್ತು ಜನ ಕೊಡಲಿ ಹಿಡಿದು ಹೋದರು. ನಲವತ್ತು ಜನವೂ ಮರಳಿದರು. ಮೂಟೆ ಬಿಚ್ಚಿ ಮೊದಲ ಹಿಡಿ ಉಪ್ಪನ್ನು ಗಿರಿಯವ್ವನ ಬಾಗಿಲಿಗೆ ತಂದರಂತೆ. ಅವಳು ಮಾತ್ರ ಸಾಯುವವರೆಗೂ ಸಪ್ಪೆ ಗಂಜಿಯನ್ನೇ ಉಂಡಳಂತೆ.

ಊರಿನ ಊಟಕ್ಕೆ ಉಪ್ಪಾಯಿತು, ನಮ್ಮ ಕಥೆ ಇಲ್ಲಿಗಾಯಿತು.