ಅವಳು ಉಣ್ಣುವ ಹೊತ್ತು

“ಗುರುಗಳೇ, ಹೊತ್ತು ನೋಡಿ ಮಿತವಾಗಿ ಉಂಡರೆ ಮುಪ್ಪು ತಡವಾಗಿ ಬರುತ್ತದೆ ಅನ್ನುತ್ತಾರೆ. ನಿಜವೇ?”

ಕೇಳಿದವನು ಕೊಟ್ರಯ್ಯ. ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಮೂರು ತಿಂಗಳಿಂದ ಅವನು ಪಂಕ್ತಿಯಲ್ಲಿ ಕೂತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಒಬ್ಬನೇ ಉಂಡು ಮುಗಿಸುತ್ತಿದ್ದ. ಅವನಿಗಾಗಿ ಅಡುಗೆಯ ನೀಲವ್ವ ಸಂಜೆ ಮುಂಚಿತವಾಗಿ ಒಂದು ಸಲ, ಉಳಿದವರಿಗಾಗಿ ಮತ್ತೊಂದು ಸಲ ಒಲೆ ಹಚ್ಚುತ್ತಿದ್ದಳು.

“ನಿಜ,” ಅಂದರು ಗುರುಗಳು. ಕೊಟ್ರಯ್ಯನ ಮುಖ ಅರಳಿತು. “ಇಷ್ಟು ಬೇಗ ಅರಳಬೇಡ, ಕತೆ ಬಾಕಿ ಇದೆ,” ಎಂದು ಹೇಳತೊಡಗಿದರು.

ಒಬ್ಬ ಜೋಳದ ವ್ಯಾಪಾರಿ ಇದ್ದ. ಅವನ ಅಜ್ಜ ನಲವತ್ತೈದಕ್ಕೆ ತೀರಿಕೊಂಡಿದ್ದ, ಅಪ್ಪನೂ ನಲವತ್ತೈದಕ್ಕೆ. ಮೂವತ್ತು ದಾಟಿದ ಮೇಲೆ ವ್ಯಾಪಾರಿಗೆ ಆ ಅಂಕಿಯದೇ ಭಯ ಹತ್ತಿತು. ಕನ್ನಡಿ ನೋಡಿದರೆ ಅಪ್ಪನ ಮುಖ ಕಾಣುತ್ತಿತ್ತು. ಅವನು ಒಬ್ಬ ವೈದ್ಯನ ಬಳಿ ಹೋದ. ಸೂರ್ಯ ನೆತ್ತಿಗೆ ಬಂದ ಮೇಲೆ ಮೊದಲ ಊಟ ಮಾಡು, ಮುಳುಗುವ ಮೊದಲು ಎರಡನೆಯದು ಮಾಡು, ಎರಡರಲ್ಲೂ ಕಾಲು ಹೊಟ್ಟೆ ಖಾಲಿ ಬಿಡು, ಹದಿನೈದು ದಿನಕ್ಕೊಮ್ಮೆ ಬರೀ ನೀರು ಕುಡಿದು ಇರು ಎಂದು ವೈದ್ಯ ಹೇಳಿದ. ಒಳ್ಳೆಯ ವೈದ್ಯ. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ವ್ಯಾಪಾರಿ ತಕ್ಕಡಿಯ ಮನುಷ್ಯ. ಅಂಗಡಿಯ ಸಣ್ಣ ತಕ್ಕಡಿಯನ್ನು ಮನೆಗೆ ತಂದ. ರೊಟ್ಟಿಯನ್ನು ತೂಗಿದ, ಪಲ್ಯವನ್ನು ತೂಗಿದ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಆ ಮನೆಯಲ್ಲಿ ರೋಗ ಬರಲಿಲ್ಲ. ಜಗಳವೂ ಆಗಲಿಲ್ಲ, ಯಾಕೆಂದರೆ ಮಾತೇ ಕಡಿಮೆಯಾಗಿತ್ತು. ಮಕ್ಕಳಿರಲಿಲ್ಲ. ಅವನು, ಅವನ ಹೆಂಡತಿ ಇಬ್ಬರೇ.

ಆ ಮನೆಯಲ್ಲಿ ಹಿಂದಿನಿಂದ ಬಂದ ಎರಡು ಪದ್ಧತಿಗಳಿದ್ದವು. ಗಂಡ ಉಣ್ಣುವ ಮೊದಲು ಹೆಂಡತಿ ಉಣ್ಣಬಾರದು. ಮನೆಗೆ ಬಂದವರು ಉಣ್ಣುವ ಮೊದಲು ಮನೆಯೊಡತಿ ಉಣ್ಣಬಾರದು. ವ್ಯಾಪಾರಿ ವೈದ್ಯನ ಮಾತನ್ನು ಮನೆಗೆ ತಂದಾಗ ಈ ಎರಡನ್ನೂ ತೆಗೆದಿಡಬೇಕಿತ್ತು. ಅದು ಅವನಿಗೆ ಹೊಳೆಯಲಿಲ್ಲ. ಅವಳೂ ಹೇಳಲಿಲ್ಲ.

ಹೀಗಾಗಿ ಹೆಂಡತಿ ನಸುಕಿನಲ್ಲಿ ಎದ್ದು, ನೀರು ಸೇದಿ, ಹಿಟ್ಟು ಬೀಸಿ, ಗಂಡ ಉಂಡು ಅಂಗಡಿಗೆ ಹೋಗುವ ಮಧ್ಯಾಹ್ನದವರೆಗೆ ಹಸಿದಿರುತ್ತಿದ್ದಳು. ಸಂಜೆ ಅವನಿಗೆ ತೂಗಿ ಬಡಿಸುತ್ತಿದ್ದಳು. ಅವನು ಉಂಡು ಮಲಗುತ್ತಿದ್ದ. ಜೋಳ ತರುವ ಗಾಡಿಯವರು ಬರುವುದು ಕತ್ತಲಾದ ಮೇಲೆ. ಅವಳು ಮತ್ತೆ ಒಲೆ ಹಚ್ಚುತ್ತಿದ್ದಳು. ಕೊನೆಯ ಗಾಡಿಯವನು ಕೈ ತೊಳೆದ ಮೇಲೆ ಬುಟ್ಟಿಯಲ್ಲಿ ಉಳಿದದ್ದು ಅವಳ ಊಟ. ಅವನು ನೀರು ಕುಡಿದು ಕಟ್ಟೆಯ ಮೇಲೆ ಕೂರುವ ಉಪವಾಸದ ದಿನ ಅವಳಿಗೂ ಉಪವಾಸವೇ, ಗಂಡ ಉಂಡಿಲ್ಲವಲ್ಲ. ಆದರೆ ಆ ದಿನವೂ ಗಾಡಿಯವರು ಬರುತ್ತಿದ್ದರು, ಅವಳು ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುತ್ತಿದ್ದಳು.

ನಲವತ್ತೈದು ಬಂತು, ಹೋಯಿತು. ವ್ಯಾಪಾರಿ ಊರಿಗೆಲ್ಲ ಸಕ್ಕರೆ ಹಂಚಿದ. ಐವತ್ತೈದಾದರೂ ಕೂದಲು ಕಪ್ಪಗಿತ್ತು, ಜೋಳದ ಚೀಲ ಒಬ್ಬನೇ ಎತ್ತುತ್ತಿದ್ದ. ಒಮ್ಮೆ ಹಗಲಿರುವಾಗಲೇ ಬಂದು ಮುಟ್ಟಿದ ಹೊಸ ಗಾಡಿಯವನೊಬ್ಬ ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿ, ಇವರು ನಿಮ್ಮ ತಾಯಿಯೇ ಎಂದು ಕೇಳಿದ. ವ್ಯಾಪಾರಿ ಜೋರಾಗಿ ನಕ್ಕ. ಎದುರಿಗೆ ಸಿಕ್ಕವರಿಗೆಲ್ಲ ಅದನ್ನು ಹೇಳಿಕೊಂಡು ವಾರವಿಡೀ ನಕ್ಕ. ಅವಳು ಒಳಗೆ ಹೋಗಿ ಸೆರಗು ಸರಿಮಾಡಿಕೊಂಡಳು.

ಗಾಡಿಯವನು ಹಾಗೆ ಕೇಳಿದ ಮರುದಿನ ಸಂಜೆ ಬಡಿಸುವಾಗ ಅವಳು ಹೇಳಿದಳು: “ಒಂದು ದಿನ ದೀಪ ಹಚ್ಚಿದ ಮ್ಯಾಲೆ ಉಣ್ರಿ. ಎಲ್ಲಾರಿಗೂ ಬಡಿಸಿ ನಾನೂ ನಿಮ್ಮ ಬಾಜೂಕ ಕುಂದರತೀನಿ.”

“ಒಂದು ದಿನ ತಪ್ಪಿದ್ರ ಎಲ್ಲಾ ತಪ್ಪಿದಂಗ,” ಅಂದ ಅವನು, ತಕ್ಕಡಿಯಿಂದ ಕಣ್ಣು ತೆಗೆಯದೆ.

ಅವಳು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು ಎಂದು ನಿನಗೆ ಅನ್ನಿಸಬಹುದು. ಇಪ್ಪತ್ತೈದು ವರ್ಷಕ್ಕೊಮ್ಮೆ ಬಾಯಿ ತೆರೆದವಳು ಎರಡನೆಯ ಸಲ ತೆರೆಯಲು ಎಷ್ಟು ವರ್ಷ ಬೇಕೋ ಲೆಕ್ಕ ಹಾಕು. ಅಷ್ಟು ವರ್ಷ ಅವಳ ಬಳಿ ಇರಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಬೀಸುವ ಕಲ್ಲಿನ ಮುಂದೆ ಕೂತವಳು ಹಾಗೇ ಗೋಡೆಗೆ ಒರಗಿದಳು. ಏಳಲಿಲ್ಲ.

ಆ ಸೀಮೆಯಲ್ಲಿ ಹನ್ನೊಂದನೆಯ ದಿನ ಸತ್ತವರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದನ್ನೇ ಮಾಡಿ ಇಡಬೇಕು. ಅಡುಗೆಗೆ ಬಂದ ನೆರೆಯ ಹೆಂಗಸರು ಒಲೆ ಹಚ್ಚಿ ವ್ಯಾಪಾರಿಯನ್ನು ಕೇಳಿದರು, ಅವಳಿಗೆ ಏನು ಸೇರುತ್ತಿತ್ತು ಎಂದು.

ವ್ಯಾಪಾರಿ ಬಾಯಿ ತೆರೆದ. ತಾನು ಯಾವ ವರ್ಷ ಯಾವ ದಿನ ಎಷ್ಟು ತೂಕ ಉಂಡೆ ಎಂದು ಅವನು ಹೇಳಬಲ್ಲವನಾಗಿದ್ದ. ಅವಳು ಹುಳಿ ಬಡಿಸಿಕೊಳ್ಳುತ್ತಿದ್ದಳೋ ಸಿಹಿಯೋ ಅವನಿಗೆ ಗೊತ್ತಿರಲಿಲ್ಲ. ಎಷ್ಟು ನೆನೆದರೂ ಅವಳು ಉಣ್ಣುತ್ತಿರುವುದು ಅವನ ಕಣ್ಣಿಗೆ ಬರಲಿಲ್ಲ. ಅವನು ನೋಡಿಯೇ ಇರಲಿಲ್ಲ. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ತಾನು ಒಬ್ಬನೇ ಇದ್ದೆ, ಅವಳೂ ಒಬ್ಬಳೇ ಇದ್ದಳು ಎಂದು ಆಗ ಅವನಿಗೆ ತಿಳಿಯಿತು.

ಅವನು ಅಂಗಳಕ್ಕೆ ಹೋಗಿ ಒಬ್ಬ ಹಳೆಯ ಗಾಡಿಯವನನ್ನು ಕೇಳಿದ. ಗಾಡಿಯವನು ತಲೆ ತಗ್ಗಿಸಿದ.

“ಅವ್ವಾರಿಗೆ ಏನು ಸೇರತಿತ್ತೋ ನಮಗೇನು ಗೊತ್ತು, ಸಾವಕಾರ್ರ? ನಾವೆಲ್ಲ ಉಂಡು ಎದ್ದ ಮ್ಯಾಲೆ ಕುಂದರತಿದ್ರು. ಆರಿದ ರೊಟ್ಟಿ, ನೀರ ಮಜ್ಜಿಗಿ. ಉಳಿಯೂದು ಅದ ಇರತಿತ್ತು.”

ಆರಿದ ರೊಟ್ಟಿ, ನೀರು ಮಜ್ಜಿಗೆಯನ್ನೇ ಇಡೋಣ ಎಂದ ವ್ಯಾಪಾರಿ. ಉಳಿದದ್ದನ್ನು ಎಡೆಗೆ ಇಡಬಾರದು ಎಂದು ಹೆಂಗಸರು ಒಪ್ಪಲಿಲ್ಲ. ಹೋಳಿಗೆ ಮಾಡಿದರು, ಹೋಳಿಗೆ ಯಾರಿಗೆ ತಾನೇ ಸೇರುವುದಿಲ್ಲ ಎಂದರು. ಅವನು ಎಡೆಯ ಮುಂದೆ ಕೈ ಮುಗಿದು ಕೂತ. ಅವಳಿಗೆ ಸೇರುತ್ತಿತ್ತೋ ಇಲ್ಲವೋ ಎಂದು ಕೇಳಲು ಅಲ್ಲಿ ಅವಳೊಬ್ಬಳೇ ಇರಲಿಲ್ಲ.

ಒಂದು ವರ್ಷದ ನಂತರ ವೈದ್ಯ ಆ ದಾರಿಯಲ್ಲಿ ಬಂದ. ವ್ಯಾಪಾರಿಯ ತಲೆ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ಕತ್ತಲಾದ ಮೇಲೆ ಅವನೇ ಒಲೆಯ ಮುಂದೆ ಕೂತು ಸೊಟ್ಟ ಸೊಟ್ಟ ರೊಟ್ಟಿ ಬಡಿದು ಗಾಡಿಯವರಿಗೆ ಬಡಿಸಿದ. ಎಲ್ಲರೂ ಎದ್ದ ಮೇಲೆ ಬುಟ್ಟಿಯಲ್ಲಿ ಉಳಿದದ್ದನ್ನು ತಟ್ಟೆಗೆ ಹಾಕಿಕೊಂಡು ಗೋಡೆಯ ಬಳಿ ಕೂತ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದ.

ವೈದ್ಯನಿಗೆ ಸಿಟ್ಟು ಬಂತು. ಒಂದು ವರ್ಷದಲ್ಲಿ ಹತ್ತು ವರ್ಷ ಮುದುಕನಾಗಿದ್ದೀ, ಕಟ್ಟಿಕೊಂಡ ದೇಹವನ್ನು ಕೈಯಾರೆ ಕೆಡವುತ್ತಿದ್ದೀ, ಹೀಗೆ ಉಂಡರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಗದರಿಸಿದ.

ವ್ಯಾಪಾರಿ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಅದ್ದಿದ.

“ಅಕಿನ್ನ ನನ್ನ ತಾಯಿ ಅಂದ್ರು,” ಅಂದ. “ನಾ ಇನ್ನೂ ಅಕಿಯಷ್ಟು ಮುದುಕ ಆಗಿಲ್ಲ.”

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಕೊಟ್ರಯ್ಯ, ಹಾಗಾದರೆ ಹೊತ್ತು ನೋಡಿ ಉಣ್ಣುವುದು ತಪ್ಪೇ ಎಂದು ಮೆಲ್ಲಗೆ ಕೇಳಿದ. ತಪ್ಪು ಅಂದವರು ಯಾರು, ನಿಜ ಎಂದು ಮೊದಲೇ ಹೇಳಿದೆನಲ್ಲ ಅಂದರು ಗುರುಗಳು. ಎದ್ದು ಶಲ್ಯ ಕೊಡವಿ ಹೆಗಲ ಮೇಲೆ ಹಾಕಿಕೊಂಡರು. ಅಡುಗೆಮನೆಯ ಮಾಡಿನಿಂದ ಆ ಸಂಜೆಯ ಎರಡನೆಯ ಒಲೆಯ ಹೊಗೆ ಏಳುತ್ತಿತ್ತು. ಅವರು ಅತ್ತ ನೋಡಿ, ಆಮೇಲೆ ಶಿಷ್ಯನನ್ನು ನೋಡಿ ಕೇಳಿದರು:

“ನೀಲವ್ವ ಇವತ್ತು ಯಾವ ಹೊತ್ತಿಗೆ ಉಂಡಳು, ಕೊಟ್ರಯ್ಯ?”