ದೇಸಾಯರ ಊರಿಗೆ ಪುಸ್ತಕ ಹೊತ್ತ ನೇಮಣ್ಣ

ಕುಸುಮಕ್ಕನಿಗೆ ಒಬ್ಬನೇ ಮಗ, ನೇಮಣ್ಣ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಎಲ್ಲೋ ಹಿಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತೊಂದರೆ!

ಕುಸುಮಕ್ಕ ಕಾದಂಬರಿ ಬರೆಯುವವಳು. ಹೊಸ ಪುಸ್ತಕ ಹೊತ್ತು ಒಂದು ಸುತ್ತು ತಿರುಗಿ ಬಂದಿದ್ದಳು. ಈಗ ಎರಡನೇ ಸುತ್ತು, ಮೂರು ದಿನಕ್ಕೆ ಮೂರು ಊರು. ಕೊನೆಯದು ಬನ್ನಿದಿನ್ನಿ. ಅಲ್ಲಿಯ ದೇಸಾಯರು ಕಾಗದ ಬರೆದಿದ್ದರು: ‘ವಿಧವೆ ಅತ್ತಿಗೆಯ ಬಾವಿ ಮುಚ್ಚಿಸಿದ ದುಷ್ಟ ಅಂತ ನೀವು ಬರೆದದ್ದು ನನ್ನನ್ನೇ. ಊರ ಮುಂದೆ ತಪ್ಪೊಪ್ಪಿಕೊಂಡು ಪುಸ್ತಕ ಹಿಂದಕ್ಕೆ ತಗೊಳ್ಳಿ. ಇಲ್ಲದಿದ್ದರೆ ಕೋರ್ಟು.’

ಅವಳು ಆ ಊರನ್ನೂ ಕಂಡವಳಲ್ಲ, ದೇಸಾಯರನ್ನೂ ಕಂಡವಳಲ್ಲ. ಹೋಗದೆ ಕೂತರೆ ಹೌದೆಂದು ಒಪ್ಪಿದ ಹಾಗೆ. ನಾಲ್ಕು ವರ್ಷ ಕೂತು ಬರೆದ ಪುಸ್ತಕ! ಹೊರಟಳು. ಮಗನನ್ನು ಮನೆಯಲ್ಲಿ ಬಿಟ್ಟರೆ ಮನೆ ಉಳಿಯುವುದಿಲ್ಲ. ಅವನನ್ನೂ ಎಳೆದುಕೊಂಡು ಹೊರಟಳು.

“ನೇಮ್ಯಾ, ಪುಸ್ತಕದ ಗಂಟು ನಿನ್ನ ಕೈಯಾಗ ಐತಿ. ಯಾರೂ ಮುಟ್ಟಬಾರದು ನೋಡು!”

“ಆತವ್ವಾ!”

ಮೊದಲ ಊರಲ್ಲಿ ಸಭೆ ಮುಗಿದು ಜನ ಪುಸ್ತಕ ಕೊಳ್ಳಲು ಬಂದರು. ನೇಮಣ್ಣ ಗಂಟಿನ ಮೇಲೆ ಹತ್ತಿ ಕೂತಿದ್ದ. “ಮುಟ್ಟಿದ್ರ ನೋಡ್ರಿ!” ಅಂತ ಕಣ್ಣು ಕೆಂಪಗೆ ಮಾಡಿದ. ಒಬ್ಬ ಮಾಸ್ತರರು ಬೆರಳು ತಾಗಿಸಿದ್ದಕ್ಕೆ ಕೈ ಮೇಲೆ ಚಟ್ಟನೆ ಹೊಡೆದ. ಒಂದು ಪುಸ್ತಕವೂ ಹೋಗಲಿಲ್ಲ.

“ಅಯ್ಯ ನನ್ನ ಕರ್ಮ! ಏನ್ ಮಾಡಿದ್ಯೋ?”

“ನೀನೇ ಹೇಳಿದ್ಯಲ್ಲವ್ವಾ!”

“ಜನಕ್ಕ ಕೊಡಾಕಂತ ತಂದೀವೋ! ಕೈ ಚಾಚಿದವರಿಗೆ ಕೊಡಬೇಕು, ತಿಳೀತಾ?”

“ಆತವ್ವಾ!”

ಎರಡನೇ ಊರಿನ ಬಸ್ಸು ಹತ್ತಿದರು. ಕಂಡಕ್ಟರು ಟಿಕೆಟ್ಟಿಗೆ ಕೈ ಚಾಚಿದ. ನೇಮಣ್ಣ ಪುಸ್ತಕ ಕೊಟ್ಟ. ಕಿಟಕಿಯಿಂದ ಶೇಂಗಾ ಮಾರುವವಳು ಕೈ ಚಾಚಿದಳು. ಕೊಟ್ಟ. ಮುಂದಿನ ಸೀಟಿನವಳ ತೊಡೆ ಮೇಲಿನ ಕೂಸು ಕೈ ಚಾಚಿತು. ಅದಕ್ಕೂ ಕೊಟ್ಟ! ತೂಕಡಿಸುತ್ತಿದ್ದ ಕುಸುಮಕ್ಕ ಕಣ್ಣು ಬಿಡುವಷ್ಟರಲ್ಲಿ ಅರ್ಧ ಗಂಟು ಖಾಲಿ. ಪಕ್ಕದವರ ಕೈಯಲ್ಲಿ ಶೇಂಗಾ ಪೊಟ್ಟಣ. ಪೊಟ್ಟಣದ ಮೇಲೆ ಅವಳದೇ ಮೂರನೇ ಅಧ್ಯಾಯ.

“ನಿನ್ನ ಬಾಯಾಗ ಮಣ್ಣ ಹಾಕ! ಓದಿ ತಿಳಿಯೋರಿಗೆ ಕೊಡಬೇಕೋ! ಓದತಾರೋ ಇಲ್ಲೋ ಕೇಳಿ ನೋಡಿ ಕೊಡು!”

“ಆತವ್ವಾ!”

ಎರಡನೇ ಊರಿನ ವೇದಿಕೆಯ ಮೇಲೆ ಅಧ್ಯಕ್ಷರು ಶಾಲು ಸರಿಮಾಡಿಕೊಂಡು ಪುಸ್ತಕಕ್ಕೆ ಕೈ ನೀಡಿದರು. ಒಂದು ತಾಸು ಅದರ ಬಗ್ಗೆ ಮಾತಾಡುವವರಿದ್ದರು. ನೇಮಣ್ಣ ಪುಸ್ತಕವನ್ನು ಬೆನ್ನ ಹಿಂದೆ ಹಿಡಿದ.

“ಓದೀರೇನ್ರಿ?”

“ಓದದೇ ಬರತೀವೇನೋ ತಮ್ಮಾ?”

“ಹಂಗಾರ ಕಡೀಕ ಯಾರು ಸಾಯತಾರ ಹೇಳ್ರಿ.”

ಅಧ್ಯಕ್ಷರು ಸೂರು ನೋಡಿದರು, ಕರವಸ್ತ್ರ ನೋಡಿದರು. “ನಾಯಕ,” ಅಂದರು.

“ಕಡೀಕ ಯಾರೂ ಸಾಯೂದಿಲ್ರೀ! ನೀವು ಓದಿಲ್ಲ!”

ಸಭೆ ಹೋ ಅಂತು. ಅಧ್ಯಕ್ಷರು ಎದ್ದು ನಡೆದರು.

ಕುಸುಮಕ್ಕ ಹಣೆ ಚಚ್ಚಿಕೊಂಡಳು. “ದೊಡ್ಡವರಿಗೆ ಎದುರಾಡ್ತಾರೇನೋ? ದೊಡ್ಡವರು ಏನರ ಅನ್ನಲಿ, ‘ಹೌದ್ರಿ, ನೀವು ಹೇಳಿದ್ದೇ ಖರೆ’ ಅಂತ ತಲಿ ಬಾಗಿಸಬೇಕು!”

“ಆತವ್ವಾ!”

ಮೂರನೇ ದಿನ ಬನ್ನಿದಿನ್ನಿ. ಶಾಲೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಒಬ್ಬರೂ ನಗಲಿಲ್ಲ, ಒಬ್ಬರೂ ಕೆಮ್ಮಲಿಲ್ಲ. ಮುಂದಿನ ಕುರ್ಚಿಯಲ್ಲಿ ದೇಸಾಯರು, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು.

“ಏನ್ರಿ ಅಕ್ಕಾರ, ಆ ಬಾವಿ ಮುಚ್ಚಿಸಿದವ ಯಾರು?”

“ಯಾರೂ ಅಲ್ರಿ. ಮನಸಿನಾಗ ಹುಟ್ಟಿದವ,” ಅಂದಳು ಕುಸುಮಕ್ಕ.

“ಸುಳ್ಳು! ನಿಮ್ಮ ಮಗ ಹುಂಬ ಅಂತ ಊರೂರು ಸುದ್ದಿ ಆಗೈತಿ, ಅವಗ ಸುಳ್ಳು ಕಟ್ಟಾಕ ಬರೂದಿಲ್ಲ. ತಮ್ಮಾ, ಇಲ್ಲಿ ಬಾ. ನಿಮ್ಮವ್ವ ಬರದದ್ದು ನನ್ನ ಬಗ್ಗೇನೇ, ಹೌದಿಲ್ಲೋ?”

ಕುಸುಮಕ್ಕ ಕಣ್ಣಲ್ಲೇ ಬೇಡ ಬೇಡ ಅಂದಳು. ನೇಮಣ್ಣ ತಲೆ ಬಾಗಿಸಿದ.

“ಹೌದ್ರಿ, ನೀವು ಹೇಳಿದ್ದೇ ಖರೆ.”

“ಕೇಳಿದ್ರೇನ್ರಪಾ!” ದೇಸಾಯರು ಕೋಲು ಕುಟ್ಟಿದರು. “ಈ ಪುಸ್ತಕ ಇಲ್ಲೇ ಸುಡಬೇಕು, ಹೌದಿಲ್ಲೋ?”

“ಹೌದ್ರಿ, ನೀವು ಹೇಳಿದ್ದೇ ಖರೆ.”

ಯಾರೋ ಗಂಟನ್ನು ಅಂಗಳದ ನಡುವೆ ಎಳೆದರು. ಕಡ್ಡಿಪೆಟ್ಟಿಗೆ ಗಲಗಲ ಅಂತು. ದೇಸಾಯರಿಗೆ ಆವೇಶ ಏರಿತು. “ನನಗ ಕಳ್ಳ ಅಂತಾರ! ಬಾವಿ ಮುಚ್ಚಿಸಿದವ ನಾನಂತ! ಇನ್ನ ಅತ್ತಿಗಿ ಹೊಲದ ಬದುವಿನ ಕಲ್ಲು ಕಿತ್ತು ಒಳಗ ಸರಿಸಿದವನೂ ನಾನೇ ಅನ್ರಲ್ಲ!”

“ಹೌದ್ರಿ,” ಅಂದ ನೇಮಣ್ಣ, “ನೀವು ಹೇಳಿದ್ದೇ ಖರೆ.”

ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಮೊಣಕಾಲು ಹಿಡಿದು ಎದ್ದಳು. ದೇಸಾಯರ ಅತ್ತಿಗೆ, ಗಂಗವ್ವ.

“ಮೈದುನಾ, ಮೊಮ್ಮಗಳ ಕಡಿಂದ ಪುಸ್ತಕ ಪೂರಾ ಓದಿಸಿ ಕೇಳೀನಿ. ಅದರಾಗ ಬಾವಿ ಐತಿ. ಕಲ್ಲಿನ ಸುದ್ದಿ ಎಲ್ಲೂ ಇಲ್ಲಲ್ಲೋ! ಕಲ್ಲು ಸರದೈತಿ ಅಂತ ಹತ್ತು ವರ್ಷ ಬಡಕೊಂಡೆ, ಯಾರೂ ನಂಬಲಿಲ್ಲ. ನಿನಗ ಹೆಂಗ ಗೊತ್ತಾತು?”

ದೇಸಾಯರು ಕೋಲನ್ನು ಅಲ್ಲೇ ಬಿಟ್ಟು ಹೋದರು. ಕಡ್ಡಿಪೆಟ್ಟಿಗೆ ಹಿಡಿದವ ಬೀಡಿ ಹಚ್ಚಿಕೊಂಡ. ಜನ ಮುಗಿಬಿದ್ದು ಕೊಂಡರು, ಗಂಟಿನಲ್ಲಿದ್ದ ಪುಸ್ತಕ ಒಂದೂ ಉಳಿಯಲಿಲ್ಲ.

ಇದು ನಮ್ಮ ಮನೆಯದೇ ಕತೆ, ನಮ್ಮ ಓಣಿಯದೇ ಕತೆ ಅಂತ ಆಗಲೇ ನಾಲ್ಕು ಜನ ಕುಸುಮಕ್ಕನನ್ನು ಸುತ್ತಿಕೊಂಡಿದ್ದರು. ಅವಳು ಮಗನನ್ನು ಪಕ್ಕಕ್ಕೆ ಎಳೆದಳು.

“ಈ ಸಲ ದೇವರು ಕಾಯ್ದ. ಇನ್ನೊಮ್ಮೆ ಹಂಗ ಹೌದ್ರಿ ಅಂದಿ, ಜೇಲೇ ಗತಿ! ಯಾರು ಏನರ ಕೇಳಲಿ, ‘ಅದು ಬರೇ ಕಲ್ಪನಾರಿ, ಬದುಕಿದವರಿಗೂ ಸತ್ತವರಿಗೂ ಸಂಬಂಧ ಇಲ್ಲ’ ಅನ್ನು! ಇದೊಂದಾದರೂ ಸರಿಯಾಗಿ ಹೇಳ್ತೀಯೇನು?”

“ಆತವ್ವಾ!”

“ಹೋಗು, ಬಸ್ಸಿನಾಗ ಸೀಟು ಹಿಡಿ. ಗಂಗವ್ವನ ಪುಸ್ತಕಕ್ಕ ಸಹಿ ಹಾಕಿ ಬಂದೆ.”

ಆ ಊರಿಗೆ ದಿನಕ್ಕೆ ಒಂದೇ ಬಸ್ಸು. ನೇಮಣ್ಣ ಕಿಟಕಿಯ ಪಕ್ಕ ಕೂತು, ಪಕ್ಕದ ಸೀಟಿಗೆ ಟವೆಲ್ ಹಾಕಿದ. ಬಸ್ಸು ಗುರ್ರೆಂದು ಹೊರಟಿತು. ಹಿಂದೆ ಧೂಳಿನಲ್ಲಿ ಒಬ್ಬ ಹೆಂಗಸು, ಒಂದು ಕೈಯಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಸೀರೆ ನೆರಿಗೆ. “ನೇಮ್ಯಾ! ನಿಲ್ಲಸೋ! ನೇಮ್ಯಾ!”

ಕಂಡಕ್ಟರು ಸೀಟಿಯನ್ನು ಬಾಯಿಗೆ ಒಯ್ದು ಕೇಳಿದ. “ತಮ್ಮಾ, ಓಡಿ ಬರಾಕಿ ನಿಮ್ಮವ್ವ ಅಲ್ಲೇನೋ? ನಿಲ್ಲಸಲೇನು?”

ನೇಮಣ್ಣ ತಿರುಗಿ ಚೆನ್ನಾಗಿ ನೋಡಿದ. ನೆಟ್ಟಗೆ ಕೂತು, ಒಂದಕ್ಷರ ತಪ್ಪದೆ ಹೇಳಿದ.

“ಅದು ಬರೇ ಕಲ್ಪನಾರಿ. ಬದುಕಿದವರಿಗೂ ಸತ್ತವರಿಗೂ ಸಂಬಂಧ ಇಲ್ಲ.”